ಆಕಾಶದ ಹೇನು: ಮನೆಯಲ್ಲೇ ಕಟ್ಟಿದ ಒಂದು ವಿಮಾನದ ಚರಿತ್ರೆ

ಉರ್ದುವಿನ ‘ಶೌಕ್’ ಎಂಬ ಪದ ಕನ್ನಡಕ್ಕೆ ಬರುವ ದಾರಿಯಲ್ಲಿ ಮರ್ಯಾದೆ ಕಳೆದುಕೊಂಡಿತು. ಉರ್ದುವಿನಲ್ಲಿ ಅದು ಹಂಬಲ, ಒಂದು ವಿಷಯದ ಮೇಲಿನ ತೀರದ ಪ್ರೀತಿ. ಕನ್ನಡದಲ್ಲಿ ಅದೇ ಪದ ‘ಶೋಕಿ’ಯಾಗಿ, ಕಿಸೆಯಲ್ಲಿ ಕಾಸಿಲ್ಲದಿದ್ದರೂ ಕಪ್ಪು ಕನ್ನಡಕ ಹಾಕಿಕೊಂಡು ಪೇಟೆ ಸುತ್ತುವವನ ಮೇಲಿನ ಬೈಗುಳವಾಯಿತು. ಫ್ರೆಂಚರ ‘ಅಮೆಚೂರ್’ ಪದದ ಗತಿಯೂ ಇದೇ. ಮೂಲದಲ್ಲಿ ಅದರ ಅರ್ಥ ಪ್ರೀತಿಸುವವನು ಎಂದು. ಇಂಗ್ಲಿಷಿಗೆ ದಾಟಿದ ಮೇಲೆ ಅರೆಬರೆ ಕಲಿತವನು ಎಂಬ ಧ್ವನಿ ಅದಕ್ಕೆ ಅಂಟಿಕೊಂಡಿತು. ಸಂಬಳಕ್ಕಾಗಿ ಮಾಡುವವನು ನಿಪುಣ, ಪ್ರೀತಿಗಾಗಿ ಮಾಡುವವನು ಹುಚ್ಚ ಎಂಬ ಲೋಕದ ಲೆಕ್ಕ ಈ ಎರಡು ಪದಗಳ ಬಾಳಿನಲ್ಲೇ ಅಡಗಿದೆ. ಈ ಲೆಕ್ಕವನ್ನು ತಲೆಕೆಳಗು ಮಾಡಲು ಹೊರಟು ಅರ್ಧ ಗೆದ್ದು ಅರ್ಧ ಸೋತವನು ಹೆನ್ರಿ ಮಿನ್ಯೆ ಎಂಬ ಫ್ರೆಂಚ್ ಮನುಷ್ಯ. ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸದ ಚರಿತ್ರೆಯಲ್ಲಿ ಅವನನ್ನು ಬಿಟ್ಟು ಮುಂದೆ ಹೋಗಲಾಗದು.

ಹಾಗೆ ನೋಡಿದರೆ ಮೊದಲ ವಿಮಾನಗಳೆಲ್ಲ ಮನೆಯಲ್ಲೇ ಕಟ್ಟಿದವು. ರೈಟ್ ಸಹೋದರರದ್ದು ಸೈಕಲ್ ಅಂಗಡಿ. ಆದರೆ ಅವರು 1906ರಲ್ಲಿ ಪೇಟೆಂಟ್ ಪಡೆದು, ತಮ್ಮ ವಿದ್ಯೆಯನ್ನು ಬಳಸಿದವರ ಮೇಲೆ ಕೋರ್ಟಿಗೆ ಹೋದರು. ಅದೇ ಕಾಲದಲ್ಲಿ ಪ್ಯಾರಿಸ್ಸಿನಲ್ಲಿದ್ದ ಬ್ರೆಜಿಲಿನ ಕಾಫಿ ತೋಟದ ಮನೆಯ ಹುಡುಗ ಆಲ್ಬೆರ್ಟೊ ಸಾಂಟೋಸ್ ಡ್ಯೂಮೊ ಬಿದಿರು, ಬಟ್ಟೆಗಳಿಂದ ‘ಡೆಮೊಯ್ಸೆಲ್’ ಎಂಬ ಪುಟ್ಟ ವಿಮಾನ ಮಾಡಿದ. ಅದಕ್ಕೆ ಪೇಟೆಂಟ್ ಬೇಡವೆಂದ. 1910ರಲ್ಲಿ ಅಮೆರಿಕದ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಪತ್ರಿಕೆ ಅದರ ನಕ್ಷೆಗಳನ್ನು ಅಚ್ಚು ಹಾಕಿತು. ಪತ್ರಿಕೆ ಕೊಂಡವನ ಕೈಗೆ ವಿಮಾನದ ನಕ್ಷೆಯೂ ಬಂತು. ನಮ್ಮ ಮಟ್ಟಿಗೆ ಈ ಹವ್ಯಾಸದ ನಿಜವಾದ ಹುಟ್ಟು ಅಲ್ಲಿ. ಮುಂದೆ 1929ರ ಹೊತ್ತಿಗೆ ಅಮೆರಿಕದ ಮಿನೆಸೋಟಾದ ಚೆರ್ರಿ ಗ್ರೋವ್ ಎಂಬ ಹಳ್ಳಿಯಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬಾತ ಫೋರ್ಡ್ ಕಾರಿನ ಇಂಜಿನ್ನನ್ನೇ ಮರದ ವಿಮಾನಕ್ಕೆ ಕೂರಿಸಿ ಹಾರಿಸಿದ. ಆ ವಿಮಾನವನ್ನು ಇಂದಿಗೂ ಕಟ್ಟುವವರಿದ್ದಾರೆ.

ಮಿನ್ಯೆ ಹುಟ್ಟಿದ್ದು 1893ರಲ್ಲಿ. ಹುಡುಗನಾಗಿದ್ದಾಗಲೇ ಗ್ಲೈಡರಿನ ಹುಚ್ಚು. ಹಾರಾಟದ ಪ್ರಯೋಗದಲ್ಲೇ ಪ್ರಾಣಬಿಟ್ಟ ಜರ್ಮನಿಯ ಓಟೊ ಲಿಲಿಯೆಂಥಾಲನ ತಮ್ಮನಿಗೆ ಪತ್ರ ಬರೆದು ವಿಷಯ ಕೇಳುತ್ತಿದ್ದ. ಮೊದಲ ಮಹಾಯುದ್ಧದಲ್ಲಿ ಅವನ ಕೆಲಸ ರೇಡಿಯೊ ವಿಭಾಗದಲ್ಲಿ. ಒಂದರ ಹಿಂದೊಂದು ಯಂತ್ರ ಕಟ್ಟಿದ; ಹೆಚ್ಚಿನವು ನೆಲ ಬಿಡಲಿಲ್ಲ, ಬಿಟ್ಟವು ಮುರಿದು ಬಿದ್ದವು. ಎಂಟನೆಯದು ಚೆನ್ನಾಗಿ ಹಾರಿತು. ಅದನ್ನು ಕಟ್ಟುವ ವಿಧಾನ ಬರೆದು ಪ್ರಕಟಿಸಿದಾಗ ಫ್ರಾನ್ಸಿನ ಎಷ್ಟೋ ಮಂದಿ ಕಟ್ಟಿಯೂಬಿಟ್ಟರು.

ಆದರೆ ಅವನಿಗೆ ಸಮಾಧಾನವಿರಲಿಲ್ಲ. ಸಾಮಾನ್ಯ ವಿಮಾನದಲ್ಲಿ ಚಾಲಕನ ಕೈಗೊಂದು ಕೆಲಸ, ಕಾಲಿಗೊಂದು ಕೆಲಸ. ಕೈಯ ಕೋಲು ರೆಕ್ಕೆಯ ತುದಿಗಳನ್ನೂ ಬಾಲವನ್ನೂ ಆಡಿಸುತ್ತದೆ; ಕಾಲಿನ ಪೆಡಲು ಚುಕ್ಕಾಣಿಯನ್ನು ತಿರುಗಿಸುತ್ತದೆ. ಎರಡೂ ಹೊಂದಿಕೊಳ್ಳದಿದ್ದರೆ ವಿಮಾನ ಗಿರಕಿ ಹೊಡೆದು ಬೀಳುತ್ತದೆ. ಈ ಹೊಂದಾಣಿಕೆ ಮಿನ್ಯೆಯ ಕೈಕಾಲಿಗೆ ಒಗ್ಗಲೇ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಹಾರುವ ಆಸೆ ಬಿಡುತ್ತಿದ್ದರು. ಇವನು ಪೆಡಲನ್ನೇ ಕಿತ್ತುಹಾಕಿದ! ರೆಕ್ಕೆಯ ತುದಿಯ ಅಲುಗುಗಳನ್ನೂ ತೆಗೆದ. ದೊಡ್ಡದೊಂದು ರೆಕ್ಕೆ ಮುಂದೆ, ಚಿಕ್ಕದೊಂದು ಅದರ ಹಿಂದೆಯೇ. ಕೋಲನ್ನು ಹಿಂದೆ ಮುಂದೆ ಮಾಡಿದರೆ ಮುಂದಿನ ಇಡೀ ರೆಕ್ಕೆಯೇ ಓರೆಯಾಗುತ್ತದೆ, ವಿಮಾನ ಏರುತ್ತದೆ, ಇಳಿಯುತ್ತದೆ. ಎಡಕ್ಕೆ ಬಲಕ್ಕೆ ಒತ್ತಿದರೆ ಚುಕ್ಕಾಣಿ ತಿರುಗುತ್ತದೆ. ಕಾಲಿಗೆ ಕೆಲಸವೇ ಇಲ್ಲ. ತನಗೆ ಬಾರದ್ದನ್ನು ಯಂತ್ರದ ದೋಷವೆಂದು ಬಗೆದು ಯಂತ್ರವನ್ನೇ ಬದಲಾಯಿಸಿದ ಈ ಮನುಷ್ಯನ ಧೈರ್ಯವನ್ನು ಮೆಚ್ಚಬೇಕೋ ನಗಬೇಕೋ ಎಂದು ನಮಗೆ ಓದುವಾಗೆಲ್ಲ ಅನಿಸಿದ್ದಿದೆ.

1933ರ ಬೇಸಿಗೆಯಲ್ಲಿ ಅವನು, ಹೆಂಡತಿ ಆನೆಟ್ ಸ್ವಾಸೋಂ ಪಟ್ಟಣದ ಬಳಿಯ ಬಯಲಿನಲ್ಲಿ ಡೇರೆ ಹಾಕಿಕೊಂಡರು. ಸೆಪ್ಟೆಂಬರ್ 10ರಂದು ಹದಿನಾಲ್ಕನೆಯ ಯಂತ್ರ ಹಾರಿತು. ರೆಕ್ಕೆಯ ಅಗಲ ಸುಮಾರು ಆರು ಮೀಟರ್, ತೂಕ ನೂರು ಕಿಲೋದ ಆಸುಪಾಸು. 17 ಅಶ್ವಶಕ್ತಿಯ, ಮೋಟಾರ್‌ಸೈಕಲ್ ಜಾತಿಯ ಪುಟ್ಟ ಇಂಜಿನ್. ಒಡಲು ಪ್ಲೈವುಡ್ಡಿನ ಒಂದು ಉದ್ದನೆಯ ಪೆಟ್ಟಿಗೆ. ಮರದ ಚೌಕಟ್ಟಿನ ರೆಕ್ಕೆಗೆ ಬಟ್ಟೆಯ ಹೊದಿಕೆ. ಅಂಟು ಹಾಲಿನಿಂದ ತೆಗೆದ ಕೇಸಿನ್ನಿನದು. ಇದರಲ್ಲಿ ಊರಿನ ಬಡಗಿಗೆ, ದರ್ಜಿಗೆ, ಸೈಕಲ್ ರಿಪೇರಿಯವನಿಗೆ ಬಾರದ ಕೆಲಸ ಒಂದೂ ಇಲ್ಲ.

ಮುಂದಿನ ವರ್ಷ ನವೆಂಬರಿನಲ್ಲಿ ‘ಲೆ ಸ್ಪೋರ್ ದ್ ಲೇರ್’ ಎಂಬ ಪುಸ್ತಕ ಬಂತು. ಹೆಸರಿನ ಅರ್ಥ ಗಾಳಿಯ ಆಟ ಎಂದು. ಚಿತ್ರಗಳನ್ನೂ ಮಿನ್ಯೆಯೇ ಬರೆದಿದ್ದ. ಸರಕಾರಿ ಇಂಜಿನಿಯರುಗಳನ್ನು ಗೇಲಿ ಮಾಡುತ್ತ, ಓದುಗನ ಹೆಗಲ ಮೇಲೆ ಕೈಯಿಟ್ಟು ಹೇಳುವ ಧಾಟಿ. ಒಂದು ಪೆಟ್ಟಿಗೆಗೆ ನೆಟ್ಟಗೆ ಮೊಳೆ ಹೊಡೆಯಲು ಬಂದರೆ ವಿಮಾನ ಕಟ್ಟಲೂ ಬರುತ್ತದೆ ಎಂಬುದು ಅವನ ವಾದ. ಫೋರ್ಡ್ ಕಂಪೆನಿಯ ಅಗ್ಗದ ಕಾರನ್ನು ಫ್ರೆಂಚರು ರಸ್ತೆಯ ಹೇನು ಎಂದು ಕರೆಯುತ್ತಿದ್ದರು, ಎಲ್ಲಿ ನೋಡಿದರೂ ಅದೇ ಕಾಣುತ್ತಿತ್ತಲ್ಲ, ಅದಕ್ಕೆ. ಮಿನ್ಯೆ ತನ್ನ ವಿಮಾನಕ್ಕೆ ‘ಪು ದ್ಯು ಸಿಯೆಲ್’ ಎಂದು ಹೆಸರಿಟ್ಟ, ಆಕಾಶದ ಹೇನು. ಬಡವರ ತಲೆಯಲ್ಲೂ ಶ್ರೀಮಂತರ ತಲೆಯಲ್ಲೂ ಭೇದವಿಲ್ಲದೆ ಬಾಳುವ ಪ್ರಾಣಿಯ ಹೆಸರು, ತಮಾಷೆಯದಾದರೂ ಒಳಗೆ ಒಂದು ರಾಜಕೀಯವಿದೆ. ಇಂಗ್ಲಿಷರಿಗೆ ಹೇನು ಎನ್ನಲು ಸಂಕೋಚವಾಯಿತೋ ಏನೋ, ಅದನ್ನು ‘ಫ್ಲೈಯಿಂಗ್ ಫ್ಲೀ’ ಎಂದು ಕರೆದು ಹಾರುವ ಚಿಗಟ ಮಾಡಿಕೊಂಡರು.

1935ರ ಆಗಸ್ಟ್ 13ರಂದು ಮಿನ್ಯೆ ಈ ಚಿಗಟದಲ್ಲಿ ಕೂತು ಇಂಗ್ಲಿಷ್ ಕಡಲ್ಗಾಲುವೆ ದಾಟಿದ. ಬ್ರಿಟನ್ನಿನಲ್ಲಿ ಹುಚ್ಚು ಹತ್ತಿಕೊಂಡಿತು. ಏರ್ ಲೀಗ್ ಸಂಸ್ಥೆ ಹೊರತಂದ ಇಂಗ್ಲಿಷ್ ಅನುವಾದದ ಮೊದಲ ಮುದ್ರಣ ಆರು ಸಾವಿರ ಪ್ರತಿಗಳು. ಒಂದು ತಿಂಗಳಲ್ಲಿ ಮುಗಿದವು. ಗ್ಯಾರೇಜುಗಳಲ್ಲಿ, ಮನೆಯ ನಡುಕೋಣೆಗಳಲ್ಲಿ ಗರಗಸದ ಸದ್ದು. ಬ್ರಿಟನ್ನಿನ ವಾಯು ಇಲಾಖೆಯ ಕಾನೂನಿನಲ್ಲಿ ಇಂಥ ಯಂತ್ರಕ್ಕೆ ಜಾಗವೇ ಇರಲಿಲ್ಲ. ಕಾರ್ಖಾನೆಯ ವಿಮಾನಕ್ಕೆ ಕೊಡುವ ಯೋಗ್ಯತಾಪತ್ರ ಇದಕ್ಕೆ ಸಿಗುವಂತಿಲ್ಲ. ಬೇಡವೆನ್ನಲು ಜನರ ಉತ್ಸಾಹ ಬಿಡುವಂತಿಲ್ಲ. ಕೊನೆಗೆ ‘ಹಾರಲು ಅನುಮತಿ’ ಎಂಬ ಒಂದು ಹಗುರ ಕಾಗದವನ್ನು ಸೃಷ್ಟಿಸಿದರು. 1935ರ ಜುಲೈಯಲ್ಲಿ ಸ್ಟೀಫನ್ ಆಪಲ್ಬಿ ಎಂಬಾತ ಕಟ್ಟಿದ ಚಿಗಟಕ್ಕೆ ಅಂಥ ಮೊದಲ ಕಾಗದ ಸಿಕ್ಕಿತು. ನೂರಕ್ಕೂ ಹೆಚ್ಚು ಚಿಗಟಗಳು ಅಲ್ಲಿ ನೋಂದಣಿಯಾದವು. ಕಟ್ಟಲು ಶುರುಮಾಡಿ ಅರ್ಧಕ್ಕೇ ಬಿಟ್ಟವುಗಳ ಲೆಕ್ಕ ಬೇರೆ. ಹವ್ಯಾಸಗಳ ಚರಿತ್ರೆಯಲ್ಲಿ ಅರ್ಧಕ್ಕೆ ಬಿಟ್ಟವುಗಳದ್ದೇ ದೊಡ್ಡ ಪಾಲು ಎಂಬುದು ಅಟ್ಟ ಹತ್ತಿ ನೋಡಿದ ಹೆಂಗಸರಿಗೆಲ್ಲ ಗೊತ್ತು.

1936ರ ವಸಂತದಲ್ಲಿ ಸಾವುಗಳು ಬಂದವು. ಒಂದಲ್ಲ, ಒಂದರ ಹಿಂದೊಂದು. ನೋಡಿದವರು ಹೇಳಿದ್ದೂ ಬಹುಮಟ್ಟಿಗೆ ಒಂದೇ ರೀತಿ: ವಿಮಾನ ಮೂತಿ ತಗ್ಗಿಸಿತು, ಇನ್ನೂ ತಗ್ಗಿಸಿತು, ಮತ್ತೆ ಮೇಲೇಳಲೇ ಇಲ್ಲ. ಸತ್ತವರು ಮೊನ್ನೆ ಮೊನ್ನೆ ಹಾರಲು ಕಲಿತವರಾಗಿದ್ದರೆ ಮಾತು ಬೇರೆ. ಬ್ರಿಟನ್ನಿನಲ್ಲಿ ಸತ್ತವರಲ್ಲಿ ವಾಯುಪಡೆಯ ಅಧಿಕಾರಿಗಳೂ ಇದ್ದರು. ಬಡಗಿ ಕಟ್ಟಿದ್ದಕ್ಕೆ ಮುರಿಯಿತು ಎನ್ನಲೂ ಆಗಲಿಲ್ಲ, ಏಕೆಂದರೆ ಯಂತ್ರ ಆಕಾಶದಲ್ಲಿ ಮುರಿದಿರಲಿಲ್ಲ. ಇಡಿಯಾಗಿಯೇ ನೆಲಕ್ಕೆ ಬಂದು ಬಡಿದಿತ್ತು.

ಆಗ ಪೂರ್ಣ ಗಾತ್ರದ ಚಿಗಟಗಳನ್ನು ದೊಡ್ಡ ಗಾಳಿ ಸುರಂಗಗಳಲ್ಲಿ ಇಟ್ಟು ನೋಡಿದರು. ಫ್ರಾನ್ಸಿನ ಶಲೇ ಮ್ಯೂದೋನಿನಲ್ಲೊಂದು, ಇಂಗ್ಲೆಂಡಿನ ಫಾರ್ನ್‌ಬರೋದಲ್ಲೊಂದು. ಸಿಕ್ಕ ಉತ್ತರ ಕ್ರೂರವಾಗಿತ್ತು. ಮುಂದಿನ ರೆಕ್ಕೆಯ ಹಿಂಚಿಗೂ ಹಿಂದಿನ ರೆಕ್ಕೆಯ ಮುಂಚಿಗೂ ನಡುವೆ ಒಂದು ಕಿರಿದಾದ ಸಂದಿ. ಅದರಲ್ಲಿ ನುಗ್ಗುವ ಗಾಳಿ ವಿಮಾನವನ್ನು ಹೆಚ್ಚು ಸ್ಥಿರವಾಗಿಸುತ್ತದೆ ಎಂದು ಮಿನ್ಯೆ ನಂಬಿದ್ದ. ಆದರೆ ವಿಮಾನ ಕೆಳಮುಖವಾದಾಗ, ಚಾಲಕ ಸಹಜವಾಗಿ ಕೋಲನ್ನು ತನ್ನತ್ತ ಎಳೆಯುತ್ತಾನೆ. ಮುಂದಿನ ರೆಕ್ಕೆ ಓರೆಯಾಗಿ ಅದರ ಹಿಂಚು ಕೆಳಗಿಳಿಯುತ್ತದೆ, ಸಂದಿ ಇನ್ನಷ್ಟು ಕಿರಿದಾಗಿ ಗಾಳಿ ರಭಸದಿಂದ ಹಿಂದಿನ ರೆಕ್ಕೆಯ ಮೇಲೆ ಹರಿಯುತ್ತದೆ. ಆಗ ಮೇಲೇಳುವುದು ಮೂತಿಯಲ್ಲ, ಬಾಲ. ಗಾಳಿಗೆ 15 ಡಿಗ್ರಿಗಿಂತ ಹೆಚ್ಚು ಕೆಳಮುಖವಾದರೆ ಕೋಲನ್ನು ಪೂರ್ತಿ ಎಳೆದರೂ ಮೂತಿ ಮೇಲೇಳಿಸುವಷ್ಟು ಬಲ ಹುಟ್ಟುವುದಿಲ್ಲ ಎಂದು ಫಾರ್ನ್‌ಬರೋ ಪರೀಕ್ಷೆ ತೋರಿಸಿತು. ಸತ್ತವರು ಬದುಕಲು ಮಾಡಿದ ಪ್ರಯತ್ನವೇ ಅವರ ಸಾವಿಗೆ ದಾರಿಯಾಗಿತ್ತು.

ಇದಕ್ಕೆ ಕಟ್ಟುವವರ ಉತ್ಸಾಹವೂ ಕೂಡಿಕೊಂಡಿತು. ಮಿನ್ಯೆಯ ಪುಟ್ಟ ಇಂಜಿನ್ ಸಾಲದೆಂದು ಕೆಲವರು ಫೋರ್ಡ್ ಕಾರಿನ ಇಂಜಿನ್ ಬದಲಾಯಿಸಿ ಕೂರಿಸಿದರು. ರೆಕ್ಕೆಗಳ ನಡುವಿನ ಅಂತರ ಒಬ್ಬೊಬ್ಬರಲ್ಲಿ ಒಂದೊಂದು. ಒಂದೇ ಹೆಸರಿನ ಎರಡು ಚಿಗಟಗಳು ಒಂದೇ ಆಗಿರಲಿಲ್ಲ.

1937ರ ಹೊತ್ತಿಗೆ ಬ್ರಿಟನ್ ಅನುಮತಿ ಕೊಡುವುದನ್ನೇ ನಿಲ್ಲಿಸಿತು. ಫ್ರಾನ್ಸಿನಲ್ಲೂ ಬಾಗಿಲು ಮುಚ್ಚಿತು. ನಿಪುಣರ ವಲಯದಲ್ಲಿ ‘ನಾವು ಹೇಳಿರಲಿಲ್ಲವೇ’ ಎಂಬ ತೃಪ್ತಿ. ಹವ್ಯಾಸಿಗಳ ವಲಯದಲ್ಲಿ, ದೊಡ್ಡ ಕಂಪೆನಿಗಳು ಬಡವನ ವಿಮಾನವನ್ನು ಕೊಂದವು ಎಂಬ ಗೊಣಗಾಟ. ಎರಡೂ ಅರ್ಧಸತ್ಯ ಎಂಬುದು ನಮ್ಮ ಅಭಿಪ್ರಾಯ. ಕೊಂದದ್ದು ಗರಗಸ ಹಿಡಿದ ಕೈಯಲ್ಲ, ಹಿಡಿದ ನಕ್ಷೆ. ಆ ನಕ್ಷೆಯನ್ನು ಸಾವಿರಾರು ಜನರ ಕೈಗೆ ಕೊಡುವ ಮೊದಲು ಅಪಾಯದ ಕೋನಗಳಲ್ಲಿ ಪರೀಕ್ಷಿಸಿದವರಿಲ್ಲ. ಸುರಂಗ ಇತ್ತು, ವಿದ್ಯೆ ಇತ್ತು, ಆದರೆ ಅವು ಕೋಟೆಯೊಳಗಿದ್ದವು, ಬಡಗಿ ಹೊರಗಿದ್ದ. ಮಿನ್ಯೆ ವಿದ್ವಾಂಸರನ್ನು ಗೇಲಿ ಮಾಡಿ ದೂರ ನಿಂತ, ವಿದ್ವಾಂಸರು ಹೆಣಗಳು ಬೀಳುವ ತನಕ ಅವನತ್ತ ತಿರುಗಿ ನೋಡಲಿಲ್ಲ. ಸುರಂಗದ ಬಾಗಿಲು ಎರಡು ವರ್ಷ ಮೊದಲು ತೆರೆದಿದ್ದರೆ ಆ ಸಾವುಗಳಲ್ಲಿ ಎಷ್ಟೋ ತಪ್ಪುತ್ತಿದ್ದವು.

ಯುದ್ಧದ ನಂತರ ಬ್ರಿಟನ್ ಈ ಅಂತರವನ್ನು ಮುಚ್ಚಿದ ಬಗೆ ಗಮನಿಸಬೇಕಾದ್ದು. 1946ರಲ್ಲಿ ಹವ್ಯಾಸಿಗಳೇ ಅಲ್ಟ್ರಾ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಕಟ್ಟಿಕೊಂಡರು. ಅದು ಹೆಸರು ಬದಲಿಸುತ್ತ ಬಂದು 2008ರಿಂದ ಲೈಟ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಆಗಿದೆ. ನಕ್ಷೆಯನ್ನು ಸಂಘದ ಇಂಜಿನಿಯರುಗಳು ನೋಡುತ್ತಾರೆ. ಕಟ್ಟುವ ಮನೆಗೆ ಸಂಘದ ತಪಾಸಕ ಬಂದು, ರೆಕ್ಕೆಗೆ ಬಟ್ಟೆ ಹೊದಿಸುವ ಮೊದಲು ಒಳಗಿನ ಅಂಟು, ಕೀಲುಗಳನ್ನು ಪರೀಕ್ಷಿಸುತ್ತಾನೆ. ಚಿಗಟಕ್ಕಾಗಿ ಹುಟ್ಟಿದ ಆ ‘ಹಾರಲು ಅನುಮತಿ’ ಕಾಗದ ಚಿಗಟ ಸತ್ತ ಮೇಲೂ ಉಳಿಯಿತು.

ಅಮೆರಿಕದಲ್ಲಿ ಬೇರೆ ದಾರಿ. 1930ರ ದಶಕದಲ್ಲಿ ಒರೆಗಾನ್ ಬಿಟ್ಟರೆ ಹೆಚ್ಚಿನ ರಾಜ್ಯಗಳಲ್ಲಿ ಮನೆಯ ವಿಮಾನಕ್ಕೆ ಜಾಗವಿರಲಿಲ್ಲ. 1947ರಲ್ಲಿ ಒರೆಗಾನಿನ ಜಾರ್ಜ್ ಬೊಗಾರ್ಡಸ್ ತನ್ನ ಪುಟ್ಟ ವಿಮಾನವನ್ನು ದೇಶದ ಆ ತುದಿಯಿಂದ ಈ ತುದಿಗೆ ಹಾರಿಸಿಕೊಂಡು ವಾಷಿಂಗ್ಟನ್ನಿಗೆ ಹೋಗಿ ಅಧಿಕಾರಿಗಳ ಮುಂದೆ ನಿಂತ. ಅರ್ಜಿಯ ಜತೆ ಸಾಕ್ಷಿಯನ್ನೂ ಹಾರಿಸಿ ತಂದವನು ಅವನು. ನಿಧಾನವಾಗಿ ಕಾನೂನು ಬಗ್ಗಿತು. ಕಟ್ಟುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹವ್ಯಾಸಿಗಳು ತಮ್ಮ ಕಲಿಕೆಗೋ ಸಂತೋಷಕ್ಕೋ ಮಾಡಿರಬೇಕು ಎಂಬುದು ಅಲ್ಲಿನ ನಿಯಮ. ಇದನ್ನೇ ಶೇ. 51ರ ನಿಯಮ ಎನ್ನುತ್ತಾರೆ. ಕಾನೂನಿನ ಪುಸ್ತಕವೊಂದು ಶೌಕನ್ನು ಕಾರಣವೆಂದು ಒಪ್ಪಿಕೊಂಡದ್ದು ಅಪರೂಪವೇ ಸರಿ. 1953ರ ಜನವರಿಯಲ್ಲಿ ಪಾಲ್ ಪೊಬೆರೆಜ್ನಿ ಮಿಲ್ವಾಕಿಯಲ್ಲಿ ಆರಂಭಿಸಿದ ಹವ್ಯಾಸಿಗಳ ಸಂಘ 1970ರಿಂದ ಆಶ್‌ಕಾಶ್‌ನಲ್ಲಿ ಮೇಳ ನಡೆಸುತ್ತಿದೆ. ಅಲ್ಲಿ ಈಗ ಮರದ ವಿಮಾನಕ್ಕಿಂತ ಕಿಟ್‌ಗಳೇ ಹೆಚ್ಚು. ತೂತು ಕೊರೆದ ಅಲ್ಯೂಮಿನಿಯಮ್ ಹಾಳೆಗಳು ಪೆಟ್ಟಿಗೆಯಲ್ಲಿ ಬರುತ್ತವೆ, ಮನೆಯವರು ರಿವೆಟ್ ಹೊಡೆಯುತ್ತಾರೆ.

ನಮ್ಮ ದೇಶದಲ್ಲೂ ಒಬ್ಬರು ಇಂಥ ಹಟ ಹಿಡಿದರು. ಮುಂಬಯಿಯ ವಿಮಾನ ಚಾಲಕ ಅಮೋಲ್ ಯಾದವ್ ಕಾಂದಿವಲಿಯ ತಮ್ಮ ವಸತಿ ಕಟ್ಟಡದ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿ, 2016ರ ಫೆಬ್ರವರಿಯಲ್ಲಿ ಮುಂಬಯಿಯ ‘ಮೇಕ್ ಇನ್ ಇಂಡಿಯಾ’ ಪ್ರದರ್ಶನದಲ್ಲಿ ನಿಲ್ಲಿಸಿದರು. ಜನ ಮುಗಿಬಿದ್ದು ಫೋಟೋ ತೆಗೆಸಿಕೊಂಡರು. ನೋಂದಣಿ ಕಾಗದ ಕೈಸೇರಿದ್ದು 2017ರ ನವೆಂಬರಿನಲ್ಲಿ.

ಮಿನ್ಯೆ ಸುಮ್ಮನೆ ಕೂರಲಿಲ್ಲ. ರೆಕ್ಕೆಗಳ ವಿನ್ಯಾಸವನ್ನು ತಿದ್ದಿ ಮತ್ತೆ ಮತ್ತೆ ಕಟ್ಟಿದ. ಯುದ್ಧದ ನಂತರ ಅರ್ಜೆಂಟೀನಾ, ಬ್ರೆಜಿಲ್, ಜಪಾನ್, ಮೊರಾಕ್ಕೊ ಎಂದು ಅಲೆದು, ಹೋದಲ್ಲೆಲ್ಲ ಎರಡು ರೆಕ್ಕೆಯ ತನ್ನ ಹಳೆಯ ಕನಸನ್ನೇ ಹೂಡಿದ. 1965ರ ಆಗಸ್ಟಿನಲ್ಲಿ ಬೋರ್ದೋ ಬಳಿಯ ಪೆಸಾಕಿನಲ್ಲಿ ತೀರಿಕೊಂಡ. 1980ರ ದಶಕದಲ್ಲಿ ಅವನ ಹೆಸರಿನ ಕಂಪೆನಿ ಅದೇ ಬಗೆಯ, ದೋಷ ತಿದ್ದಿದ ‘ಬಲೆರಿ’ ಎಂಬ ಪುಟ್ಟ ವಿಮಾನ ಮಾಡಿ ಮಾರತೊಡಗಿತು. ಅವುಗಳಲ್ಲಿ ಕೆಲವನ್ನು ಕೊಂಡದ್ದು ಫ್ರೆಂಚ್ ಸೇನೆ.