ಪಿಂಗಾಣಿ ಹಲ್ಲಿನ ಕೆಳಗಿನ ಗಾರೆ

ಅಂಬರನಾಥದ ಶಿವಾಲಯದ ಶಾಸನ ಶಕ 982ರದು, ಅಂದರೆ ಕ್ರಿ.ಶ. 1060, ಶಿಲಾಹಾರ ಅರಸ ಮುಮ್ಮುಣಿಯ ಕಾಲ. ಆಗಿನ ದಖ್ಖನಿನ ಶಿಲ್ಪಿಗಳು ಗಾರೆಯನ್ನು ನೆಚ್ಚದೆ ಕಲ್ಲಿಗೆ ಕಲ್ಲು ಕಚ್ಚಿ ಕೂರುವಂತೆ ಕಡೆದರು. ಹಲ್ಲಿಗೆ ಕ್ಯಾಪ್ ಕೂರಿಸುವ ಕಸುಬೂ ನೂರು ವರ್ಷ ಬಹುಪಾಲು ಇದೇ ನಂಬಿಕೆಯ ಮೇಲೆ ನಡೆಯಿತು. 1870ರ ದಶಕದ ಕೊನೆಗೆ ಬಂದ ಜಿಂಕ್ ಫಾಸ್ಫೇಟ್ ಸಿಮೆಂಟು ಹಲ್ಲಿಗೆ ರಾಸಾಯನಿಕವಾಗಿ ಅಂಟುವುದಿಲ್ಲ. ತೇಯ್ದ ಹಲ್ಲಿಗೂ ಕ್ಯಾಪಿನ ಒಳಮೈಗೂ ನಡುವಿನ ಸಂದಿಯಲ್ಲಿ ತುಂಬಿ ಗಟ್ಟಿಯಾಗುತ್ತದೆ. ಹಲ್ಲಿನ ಗೋಡೆ ಎತ್ತರವಾಗಿದ್ದು ಹೆಚ್ಚು ಓರೆಯಾಗಿರದಿದ್ದರೆ ಕ್ಯಾಪ್ ನಿಲ್ಲುತ್ತದೆ. 1933ರಲ್ಲಿ ಮುಂಬಯಿಯ ನಾಯರ್ ದಂತ ಕಾಲೇಜು ಶುರುವಾದಾಗಲೂ ಕ್ಯಾಪ್ ಕೂರಿಸಲು ಮುಖ್ಯವಾಗಿ ಇದ್ದದ್ದು ಇದೇ ಸಿಮೆಂಟು.

ಈ ಚರಿತ್ರೆ ಕಲಿಸುವುದು ಒಂದೇ ಮಾತು: ಸಿಮೆಂಟನ್ನು ಅದರ ಬಲ ನೋಡಿ ಆರಿಸಬಾರದು, ಪಿಂಗಾಣಿಯೊಳಗೆ ಗಾಜು ಎಷ್ಟಿದೆಯೆಂದು ನೋಡಿ ಆರಿಸಬೇಕು. ದಂತವೈದ್ಯ ಚಾರ್ಲ್ಸ್ ಲ್ಯಾಂಡ್ 1880ರ ದಶಕದಲ್ಲಿ ಪ್ಲಾಟಿನಂ ಹಾಳೆಯ ಮೇಲೆ ಸುಟ್ಟ ಜಾಕೆಟ್ ಕ್ಯಾಪ್ ಬಹುಪಾಲು ಗಾಜೇ, ಚೆಂದವಿತ್ತು, ಒಡೆಯುತ್ತಿತ್ತು. 1960ರ ದಶಕದಲ್ಲಿ ಲೋಹದ ಮೇಲೆ ಪಿಂಗಾಣಿ ಹೊದಿಸುವ ವಿಧಾನ ನೆಲೆಗೊಂಡಾಗ ಭಾರ ಹೊರುವ ಕೆಲಸ ಲೋಹದ ಪಾಲಾಯಿತು. ಹಳೆಯ ಸಿಮೆಂಟೇ ಸಾಕಾಯಿತು. ತಿರುವು ಬಂದದ್ದು 1983ರ ಸುಮಾರಿಗೆ. ಹೈಡ್ರೋಫ್ಲೋರಿಕ್ ಆಮ್ಲ ಪಿಂಗಾಣಿಯ ಗಾಜಿನ ಭಾಗವನ್ನು ಕೊರೆದು ಸಣ್ಣ ಸಣ್ಣ ಕುಳಿ ಮಾಡುತ್ತದೆ, ಬೆಸೆಯುವ ದ್ರವವಾದ ಸೈಲೇನ್ ಬಳಿದ ಮೇಲೆ ರೆಸಿನ್ ಸಿಮೆಂಟು ಅದರೊಳಕ್ಕಿಳಿದು ಹಿಡಿಯುತ್ತದೆ. ಒಂಟಿಯಾಗಿ ಬಿರಿಯುವ ತೆಳು ಪಿಂಗಾಣಿ ಹಲ್ಲಿನೊಡನೆ ಒಂದಾಗಿ ಗಟ್ಟಿಯಾದದ್ದು ಈ ಬೆಸುಗೆಯಿಂದ. ಹಾಗಾಗಿ ಫೆಲ್ಡ್‌ಸ್ಪಾರ್ ವೆನೀರಿಗೂ ಲ್ಯೂಸೈಟ್ ಪಿಂಗಾಣಿಗೂ ರೆಸಿನ್ ಬಿಟ್ಟರೆ ಗತಿಯಿಲ್ಲ. ಸುಮಾರು 400 ಮೆಗಾಪಾಸ್ಕಲ್ ಬಾಗು ತಡೆಯುವ ಲಿಥಿಯಂ ಡೈಸಿಲಿಕೇಟ್ ಕ್ಯಾಪಿಗೆ, ಹಲ್ಲು ಎತ್ತರವಾಗಿದ್ದರೆ, ಗ್ಲಾಸ್ ಅಯಾನೊಮರ್ ಸಿಮೆಂಟು ಕೂಡ ಆಗಬಹುದು. ಕ್ಯಾಪ್ ತೆಳುವಾಗಿದ್ದರೆ ರೆಸಿನ್ನೇ ಬೇಕು.

ಹಾಗಾದರೆ ಎಲ್ಲಕ್ಕೂ ರೆಸಿನ್ನೇ ಹಾಕಬಾರದೇಕೆ ಎಂಬ ಆಕ್ಷೇಪ ಸಹಜ. ಜಿರ್ಕೋನಿಯಾ ಎಂಬ ಪಿಂಗಾಣಿಯಲ್ಲಿ ಗಾಜಿಲ್ಲ, ಹೈಡ್ರೋಫ್ಲೋರಿಕ್ ಆಮ್ಲದ ಎಂದಿನ ಉಪಚಾರ ಅದರ ಮೇಲೆ ಫಲಿಸದು. ಅಲ್ಲದೆ ರೆಸಿನ್ನಿಗೆ ಒಣನೆಲ ಬೇಕು. ಕ್ಯಾಪಿನ ಅಂಚು ಒಸಡಿನೊಳಗಿಳಿದು ರಕ್ತ, ಜೊಲ್ಲು ಒಸರುವ ಕಡೆ ಅದು ಸೋಲುತ್ತದೆ, ಉಳಿದ ಸಿಮೆಂಟನ್ನು ತೆಗೆಯುವುದೂ ಕಷ್ಟ. ಅಂಥಲ್ಲಿ ಸುಸ್ಥಿತಿಯ ದವಡೆ ಹಲ್ಲಿನ ಮೇಲೆ ಜಿರ್ಕೋನಿಯಾವನ್ನು ಗ್ಲಾಸ್ ಅಯಾನೊಮರಿನಿಂದಲೋ ಹಳೆಯ ಜಿಂಕ್ ಫಾಸ್ಫೇಟಿನಿಂದಲೋ ಕೂರಿಸುವುದು ಹಿಂದುಳಿಯುವಿಕೆಯಲ್ಲ, ಬುದ್ಧಿವಂತಿಕೆ. ಹಲ್ಲು ಗಿಡ್ಡವಾಗಿದ್ದರೆ? ಆಗ ಕಡಿಮೆ ಒತ್ತಡದಲ್ಲಿ ಅಲ್ಯೂಮಿನಾ ಪುಡಿ ಬೀಸಿ, ಜಿರ್ಕೋನಿಯಾಕ್ಕೆ ಅಂಟುವ ಎಂಡಿಪಿ ಎಂಬ ಫಾಸ್ಫೇಟ್ ಮಾನೋಮರ್ ಇರುವ ಪ್ರೈಮರ್ ಹಚ್ಚಿ ರೆಸಿನ್ ಬಳಸಬೇಕು. ಬಾಯಲ್ಲಿಟ್ಟು ನೋಡಿದ ಮೇಲೆ ಮಾತ್ರ ಎಚ್ಚರ: ಜೊಲ್ಲಿನ ಫಾಸ್ಫೇಟ್ ಎಂಡಿಪಿ ಹಿಡಿಯಬೇಕಾದ ಜಾಗವನ್ನೇ ಹಿಡಿದಿರುತ್ತದೆ, ಫಾಸ್ಫಾರಿಕ್ ಆಮ್ಲದಿಂದ ತೊಳೆದರೆ ಇನ್ನಷ್ಟು ಕೆಡುತ್ತದೆ. ಕ್ಯಾಪ್ ಯಾವ ಪಿಂಗಾಣಿಯದೆಂದು ಲ್ಯಾಬಿನ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿರಬೇಕಾದ್ದು ಇದಕ್ಕೇ. ಬಿಳಿ ಬಣ್ಣ ನೋಡಿದರೆ ಎಲ್ಲವೂ ಒಂದೇ. ಆಮ್ಲದ ಬಾಟಲಿ ತೆರೆಯುವ ಮೊದಲು ವೈದ್ಯರು ಓದಬೇಕಾದದ್ದು ಆ ಚೀಟಿಯನ್ನು.