ನೆಟ್ಟದ್ದು ಉಳಿಯಿತು, ಪಕ್ಕದ್ದು ಉದುರಿತು

ಜಪಾನಿನ ಚರ್ಮವೈದ್ಯ ಶೋಜಿ ಒಕುಡ ಕೂದಲು ಕಸಿಯ ವಿವರಗಳನ್ನು 1939ರಲ್ಲೇ ಪ್ರಕಟಿಸಿದ್ದರು. ಮಹಾಯುದ್ಧದ ಗದ್ದಲದಲ್ಲಿ ಅದು ಪಶ್ಚಿಮದವರ ಕಣ್ಣಿಗೆ ಬೀಳಲಿಲ್ಲ. 1952ರಲ್ಲಿ ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಕ್ ಗಂಡಸರ ಬೋಳುತಲೆಗೆ ಈ ಚಿಕಿತ್ಸೆ ಆರಂಭಿಸಿದರು. ತಲೆಯ ಹಿಂಭಾಗದ ಕೂದಲನ್ನು ಮುಂದೆ ನೆಟ್ಟರೂ ಅದು ತವರಿನ ಗುಣ ಬಿಡದು ಎಂದು 1959ರಲ್ಲಿ ಬರೆದರು.

ಆದರೆ ಅಕ್ಕಪಕ್ಕದ ಹಳೆಯ ಕೂದಲಿಗೆ ಆ ಗುಣವಿಲ್ಲ. ಕಸಿಯಿಂದ ಅದು ಉದುರುವುದು ನಿಲ್ಲುವುದಿಲ್ಲ. ಆಗ ನೆಡುತ್ತಿದ್ದುದು ಸುಮಾರು 4 ಮಿಲಿಮೀಟರ್ ಅಗಲದ ಚರ್ಮದ ಬಿಲ್ಲೆಗಳನ್ನು. ವರ್ಷಗಳುರುಳಿ ಸುತ್ತಲಿನ ಕೂದಲು ಹೋದಾಗ ಅವು ಬಯಲಿನ ಪೊದೆಗಳಂತೆ ಉಳಿದವು.

ಈಗ ಒಂದರಿಂದ ನಾಲ್ಕು ಕೂದಲಿನ ಸಹಜ ಗುಂಪುಗಳನ್ನೇ ನೆಡುವುದರಿಂದ ನಾಟಿ ಎದ್ದು ಕಾಣದು. ಆದರೂ ಹಿಂದಲೆಯ ಸಸಿಮಡಿ ಇರುವುದು ಇಷ್ಟೇ; ಉಳಿದ ಕೂದಲನ್ನು ಕಾಯಲು ಔಷಧಿಯೂ ಬೇಕಾಗಬಹುದು. 25ರಲ್ಲಿ ನಾಟಿಗೆ ಕೂರುವವರು 50ರ ತಲೆಯನ್ನೂ ಲೆಕ್ಕ ಹಾಕುವುದು ಒಳ್ಳೆಯದು.