ಎಡ್ವರ್ಡ್ ಎಂಬ ಹೆಸರು

ಹೆಸರಿಗೆ ಅರ್ಥವಿರುವುದು ನಮ್ಮಲ್ಲಿ ಮಾತ್ರ, ಇಂಗ್ಲಿಷರ ಹೆಸರೆಂದರೆ ಬರಿಯ ಸದ್ದು ಎಂದು ನೀವು ಭಾವಿಸಿರಬಹುದು. ಎಡ್ವರ್ಡ್ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಹಳೆಯ ಇಂಗ್ಲಿಷಿನಲ್ಲಿ ಅದು ಎರಡು ಪದಗಳ ಸಮಾಸ. ಮೊದಲನೆಯದಕ್ಕೆ ಸಿರಿ, ಭಾಗ್ಯ ಎಂದರ್ಥ. ಎರಡನೆಯದಕ್ಕೆ ಕಾಯುವವನು ಎಂದು. ಕೂಡಿಸಿದರೆ ನಮ್ಮ ಧನಪಾಲನೇ ಆದ! ಆ ಎರಡನೆಯ ಪದ ನಿಮಗೆ ಅಪರಿಚಿತವೂ ಅಲ್ಲ. ಆಸ್ಪತ್ರೆಯ ವಾರ್ಡು, ಪುರಸಭೆಯ ವಾರ್ಡು ಅದರ ಬಳಗವೇ. ರೈಲಿನ ಗಾರ್ಡು ಸಹ ಅದೇ ಮೂಲದ್ದು. ಫ್ರೆಂಚರ ಬಾಯಲ್ಲಿ ವಕಾರ ಗಕಾರವಾಯಿತು, ಅಷ್ಟೆ.

ಹೀಗೆ ಎರಡು ಪದ ಜೋಡಿಸಿ ಹೆಸರಿಡುವುದು ಆಂಗ್ಲೋ-ಸ್ಯಾಕ್ಸನ್ ಜನರ ವಾಡಿಕೆಯಾಗಿತ್ತು. 1066ರ ಜನವರಿಯಲ್ಲಿ ಮಕ್ಕಳಿಲ್ಲದೆ ತೀರಿಕೊಂಡ ಅವರ ಧರ್ಮನಿಷ್ಠ ದೊರೆಯ ಹೆಸರೂ ಎಡ್ವರ್ಡ್. ಅದೇ ವರ್ಷ ಅಕ್ಟೋಬರ್ 14ರಂದು ನಾರ್ಮಂಡಿಯ ವಿಲಿಯಂ ಹೇಸ್ಟಿಂಗ್ಸ್ ಕಾಳಗದಲ್ಲಿ ಗೆದ್ದನು. ನೆಲವೂ ಅಧಿಕಾರವೂ ಗೆದ್ದವರ ಪಾಲಾದವು. ಬರಬರುತ್ತ ಹೆಸರುಗಳೂ ಹೋದವು. ಅದಕ್ಕೆ ಕಾಯಿದೆ ಬೇಕಾಗಲಿಲ್ಲ, ಪರಿಹಾಸ್ಯ ಸಾಕಾಯಿತು. ವಿಲಿಯಮನ ಮಗ ಒಂದನೆಯ ಹೆನ್ರಿ 1100ರಲ್ಲಿ ಹಳೆಯ ರಾಜವಂಶಕ್ಕೆ ಸೇರಿದ ಈಡಿತ್ ಎಂಬವಳನ್ನು ವರಿಸಿದ. ಆಕೆ ತನ್ನ ಹೆಸರು ಬಿಟ್ಟು ಮಟಿಲ್ಡಾ ಆದಳು. ಆದರೂ ನಾರ್ಮನ್ ಸರದಾರರು ರಾಜದಂಪತಿಗಳನ್ನು ಗಾಡ್ರಿಕ್, ಗಾಡ್ಗಿಫು ಎಂಬ ಇಂಗ್ಲಿಷ್ ಹೆಸರುಗಳಿಂದ ಕರೆದು ನಗುತ್ತಿದ್ದರಂತೆ. ರಾಣಿಗೇ ಈ ಪಾಡಾದರೆ ಬಡ ರೈತ ಮಗುವಿಗೆ ಯಾವ ಹೆಸರಿಟ್ಟಾನು? ವಿಲಿಯಂ, ರಾಬರ್ಟ್, ರಿಚರ್ಡ್‌ಗಳು ಹಳ್ಳಿಹಳ್ಳಿಗೂ ಹಬ್ಬಿದವು. ಲಿಯೋಫ್ರಿಕ್, ಎಥೆಲ್‌ರೆಡ್‌ಗಳು ಮರೆಯಾದವು.

ಎಡ್ವರ್ಡ್ ಉಳಿದದ್ದು ಭಕ್ತಿಯ ಬಲದಿಂದ. ಮಡಿದ ಆ ದೊರೆಯನ್ನು 1161ರಲ್ಲಿ ಪೋಪರು ಸಂತನೆಂದು ಸಾರಿದರು. ಗೆದ್ದವರ ವಂಶದಲ್ಲಿಯೇ ಹುಟ್ಟಿದ ಮೂರನೆಯ ಹೆನ್ರಿ ಆ ಸಂತನ ಪರಮಭಕ್ತನಾದ. 1239ರಲ್ಲಿ ಹುಟ್ಟಿದ ತನ್ನ ಮಗನಿಗೆ ಆ ಹೆಸರನ್ನೇ ಇಟ್ಟ. ಆ ಮಗ, ಮೊಮ್ಮಗ, ಮರಿಮಗ ಮೂವರೂ ಎಡ್ವರ್ಡರಾಗಿ 1272ರಿಂದ 1377ರ ವರೆಗೆ ಆಳಿದರು. ಅರಮನೆ ಒಪ್ಪಿದ ಮೇಲೆ ಊರು ಒಪ್ಪದಿದ್ದೀತೆ?

ಆದರೆ ಒಂದು ಮಾತನ್ನು ಗಮನಿಸಿ. ಆ ಮಗನನ್ನು ಚರಿತ್ರೆ ‘ಒಂದನೆಯ ಎಡ್ವರ್ಡ್’ ಎನ್ನುತ್ತದೆ. ಅವನಿಗಿಂತ ಮುಂಚೆ, ನಾರ್ಮನರು ಬರುವ ಮೊದಲು, ಮೂವರು ಎಡ್ವರ್ಡರು ಆಳಿದ್ದರು. ಅವನ ಹೆಸರಿಗೆ ಮೂಲನಾದ ಸಂತನೇ ಅವರಲ್ಲೊಬ್ಬ. 1936ರ ಡಿಸೆಂಬರ್ 11ರಂದು ರೇಡಿಯೋದಲ್ಲಿ ತನ್ನ ಸಿಂಹಾಸನತ್ಯಾಗವನ್ನು ಕುರಿತು ಮಾತನಾಡಿದ ಎಂಟನೆಯ ಎಡ್ವರ್ಡ್, ಹಾಗೆ ಎಣಿಸಿದರೆ, ಹನ್ನೊಂದನೆಯವನು. ಸೋತವರ ಹೆಸರನ್ನು ಗೆದ್ದವರು ಪ್ರೀತಿಯಿಂದಲೇ ಇಟ್ಟುಕೊಂಡರು. ಎಣಿಕೆಯನ್ನು ಮಾತ್ರ ತಮ್ಮಿಂದಲೇ ಪ್ರಾರಂಭಿಸಿದರು.